ಬಾರದವರ ವಾಕ್ಯ

ಜರ್ಮನಿ ಒಂದು ಕಾಲಕ್ಕೆ ಕಂಪ್ಯೂಟರಿನವರಿಗೆಂದು ಕೊಟ್ಟ ಗ್ರೀನ್ ಕಾರ್ಡ್ ಹಿಡಿದು ಹೋದವರೆಲ್ಲ ಬ್ಯಾಂಕಿನ ಸಾಫ್ಟ್‌ವೇರ್ ಬರೆದರೆಂದು ಊರಲ್ಲಿ ನಂಬಿಕೆ. ನಾನು ಗಾರ್ಕಿಂಗ್ ಎಂಬ ಊರಿನ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಅರಬ್ಬೀ ಕ್ರಿಯಾಪದ ಕಾಯುತ್ತ ಕೂತಿದ್ದೆ. ಕಂಪ್ಯೂಟರಿಗೆ ಆಡುಮಾತಿನ ಅರಬ್ಬಿ ಕಲಿಸುವುದು ನಮ್ಮ ಕೆಲಸ. ಕನ್ನಡದಲ್ಲಿ ಗಂಡನೂ ಮಗಳೂ ಎಂದ ಮೇಲೆ ‘ಬಂದರು’ ಎಂದೇ ಮುಗಿಸಬೇಕು, ತಂಟೆಯಿಲ್ಲ. ಅಲೆಪ್ಪೊ ಕಡೆಯ ಮಾತಿನಲ್ಲಿ ಕ್ರಿಯಾಪದ ಮೊದಲು ಬಂದರೆ ಅದು ಪಕ್ಕದಲ್ಲಿ ಕೂತವನನ್ನಷ್ಟೇ ನೋಡಿ ‘ಬಂದ ನನ್ನ ಗಂಡ ಮತ್ತು ಮಗಳು’ ಎನ್ನಬಹುದು. ಇಬ್ಬರನ್ನೂ ಲೆಕ್ಕಕ್ಕೆ ಹಿಡಿದು ‘ಬಂದರು’ ಎನ್ನಲೂಬಹುದು. ಯಾವಾಗ ಯಾವುದು ಎಂಬುದೇ ನಮ್ಮ ತಲೆನೋವು.

ಅದಕ್ಕಾಗಿ ಆ ಮಾತಾಡುವವರನ್ನು ಕೂರಿಸಿ ನಾವು ಕಟ್ಟಿದ ವಾಕ್ಯಗಳನ್ನು ಮೈಕಿನ ಮುಂದೆ ಹೇಳಿಸುತ್ತಿದ್ದೆವು. ಮನೆಮಂದಿಯ ಬಗ್ಗೆ ವಾಕ್ಯ ಕೊಟ್ಟರೆ ಮಾತು ಸಹಜವಾಗಿ ಬರುತ್ತದೆ ಎಂಬುದು ಈ ಕಸುಬಿನವರ ಪದ್ಧತಿ. ವಾಕ್ಯ ನಿಜವೋ ಸುಳ್ಳೋ ಯಾರಿಗೂ ಬೇಕಿರಲಿಲ್ಲ.

ಅದೇ ಕ್ಯಾಂಪಸ್ಸಿನಲ್ಲಿ ರಸಾಯನಶಾಸ್ತ್ರದ ಪಿಎಚ್‌ಡಿ ಮಾಡುತ್ತಿದ್ದ ಅಲೆಪ್ಪೊದ ಹೆಂಗಸೊಬ್ಬರು ಬರುತ್ತಿದ್ದರು. ಗಂಡ, ಪುಟ್ಟ ಮಗಳು ಊರಲ್ಲೇ ಇದ್ದರು. ಅವರಿಬ್ಬರ ವೀಸಾ ಅರ್ಜಿ ಎಷ್ಟೋ ಕಾಲದಿಂದ ಔಸ್‌ಲೆಂಡರ್‌ಆಮ್ಟ್ ಎಂಬ ವಿದೇಶಿಯರ ಕಚೇರಿಯಲ್ಲಿ ಕೊಳೆಯುತ್ತಿತ್ತು. ‘ಬಂದ ನನ್ನ ಗಂಡ ಮತ್ತು ಮಗಳು’ ಎಂಬುದನ್ನು ಆಕೆ ಹಬ್ಬದೂಟದಂತೆ ಬಾಯ್ತುಂಬ ಹೇಳಿದರು. ಮುಂದಿನದು ‘ಬರಲಿಲ್ಲ ನನ್ನ ಗಂಡ ಮತ್ತು ಮಗಳು.’ ಅವರು ಮೈಕನ್ನು ದೂರ ಸರಿಸಿದರು.

“ತಪ್ಪಿದೆಯಾ?” ಎಂದು ಇಂಗ್ಲಿಷಿನಲ್ಲಿ ಕೇಳಿದೆ.

“ತಪ್ಪಿಲ್ಲ. ನಾನು ಹೇಳೋದಿಲ್ಲ.”

ರೆಕಾರ್ಡಿಂಗ್ ನೋಡಿಕೊಳ್ಳುತ್ತಿದ್ದ ಬೆಂಗಳೂರಿನ ಗೆಳೆಯ ಕನ್ನಡದಲ್ಲಿ ಗೊಣಗಿದ: “ಏನ್ ಗುರು ಇದು, ಬರೀ ಎಕ್ಸಾಂಪಲ್ ಸೆಂಟೆನ್ಸು. ಹೇಳಿದ್ರೆ ವೀಸಾ ರಿಜೆಕ್ಟ್ ಆಗ್ಬಿಡುತ್ತಾ?”

“ನಿಮ್ಮನೇಲಿ ನಿಂಗ್ಯಾರೂ ‘ಬಿಡ್ತು ಅನ್ನು’ ಅಂದಿಲ್ವಾ?” ಎಂದೆ. ನಾವು ಕೆಟ್ಟದ್ದಾಡಿದರೆ ‘ಅಸ್ತು’ ಎಂದುಬಿಡುವ ದೇವತೆಗಳು ಮಾಡಿನ ಮೇಲೆ ಓಡಾಡುತ್ತಿರುತ್ತಾರೆಂದು ಹೆದರಿಸಿಕೊಂಡೇ ಬೆಳೆದವರು ಇಬ್ಬರೂ. ಆ ದೇವತೆಗಳಿಗೆ ಜರ್ಮನಿಗೆ ಬರಲು ವೀಸಾ ಬೇಕಿಲ್ಲ.

ಅದರ ಬದಲಿಗೆ ಪಕ್ಕದ ಮನೆಯವನು ಮತ್ತು ಅವನ ತಂಗಿ ಬರಲಿಲ್ಲ ಎಂಬುದನ್ನು ಆಕೆ ಸರಾಗವಾಗಿ ಹೇಳಿದರು. ನೆರೆಯವರ ವಿಷಯದಲ್ಲಿ ಎಲ್ಲ ಊರೂ ಒಂದೇ. ಆದರೆ ಒಂದು ಸರಣಿಯುದ್ದಕ್ಕೂ ಪದಗಳು ಬದಲಾಗಬಾರದು ಎಂದು ಪ್ರಾಜೆಕ್ಟಿನ ಮುಖ್ಯಸ್ಥರು ಸೋಮವಾರ ಸೋಮವಾರ ನೆನಪಿಸುತ್ತಿದ್ದರು. ನನಗೆ ರೇಗುತ್ತಿತ್ತು. ಪಟ್ಟಿಯಲ್ಲಿ ಆ ವಾಕ್ಯದ ಜಾಗ ಖಾಲಿಯೇ ಉಳಿಯಿತು.

ಹಿಮ ಕರಗಿದ ಮೇಲೆ ಒಂದು ಮಧ್ಯಾಹ್ನ ಆಕೆ ಹೇಳದೆ ಕೇಳದೆ ಬಂದರು. ಜೊತೆಗೊಬ್ಬ ಗಂಡಸು, ಅವನ ಕೋಟು ಹಿಡಿದುಕೊಂಡ ಹುಡುಗಿ. ಪರಿಚಯ ಬೇಕಿರಲಿಲ್ಲ. ಸೀದಾ ಮೈಕಿನ ಮುಂದೆ ಕೂತು, “ಆನ್ ಮಾಡಿ” ಎಂದರು. ಸ್ಪಷ್ಟವಾಗಿ, ಒಂದಕ್ಷರ ನುಂಗದೆ ಹೇಳಿದರು: “ಬರಲಿಲ್ಲ ನನ್ನ ಗಂಡ ಮತ್ತು ಮಗಳು.”

ಹಿಂದೆ ನಿಂತಿದ್ದ ಗಂಡನಿಗೆ ನಮ್ಮ ಕಸುಬಿನ ಗಂಧಗಾಳಿಯಿಲ್ಲ. ಗಾಬರಿಯಾಗಿ ಹೆಂಡತಿಯ ಹೆಗಲು ಹಿಡಿದ. “ಬಂದಿದ್ದೀವಲ್ಲ,” ಎಂದ, “ಇಲ್ಲೇ ಇದ್ದೀವಲ್ಲ.”

ಆಕೆ ಅವನ ಕೈಮೇಲೆ ಮುಖವಿಟ್ಟು ಅತ್ತರು.

ಇನ್ನೊಬ್ಬರ ದನಿ ಸೇರಿದ ರೆಕಾರ್ಡಿಂಗ್ ಕೆಲಸಕ್ಕೆ ಬಾರದು. ಅದನ್ನು ಅಳಿಸಲು ಗೆಳೆಯ ಕೈಯೆತ್ತಲಿಲ್ಲ. ಇನ್ನೊಮ್ಮೆ ಹೇಳಿ ಎಂದು ನಾನೂ ಕೇಳಲಿಲ್ಲ.