ಲೋಟದ ತಳದ ನಾಣ್ಯ

ನಮ್ಮ ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಕರೆಯುವುದು ಫ್ರೀಜರಕ್ಕ ಎಂದು. ಲಿವರಿಗೆ ವೈರಸ್ ತಗುಲಿದವರ ರಕ್ತದ ಮಾದರಿಗಳನ್ನು ಹದಿನೆಂಟು ವರ್ಷ ಕಾದವಳು. ಯಂತ್ರಗಳ ಮೇಲೆ ಅವಳಿಗೆ ಎಳ್ಳಷ್ಟೂ ನಂಬಿಕೆಯಿಲ್ಲ. ಪ್ರತಿ ಫ್ರೀಜರಿನಲ್ಲೂ ಒಂದು ಲೋಟ ಮಂಜುಗಡ್ಡೆ, ಅದರ ಮೇಲೊಂದು ನಾಣ್ಯ. ಮಂಜು ಕರಗಿದರೆ ನಾಣ್ಯ ಮುಳುಗುತ್ತದೆ. ಮತ್ತೆ ಹೆಪ್ಪುಗಟ್ಟಿದರೂ ಮೇಲೇಳುವುದಿಲ್ಲ. ಅಜ್ಜಿ ಕಾಲದ ವಿಜ್ಞಾನ ಎಂದು ನಾನು ಗೇಲಿ ಮಾಡುತ್ತಿದ್ದೆ.

ಕಾಲು ಉಳುಕಿ ತಿಂಗಳು ಮನೆಯಲ್ಲಿದ್ದ ಅಕ್ಕ ಆ ಮಂಗಳವಾರ ಕೆಲಸಕ್ಕೆ ಮರಳಿದಳು. ಮೂರನೇ ಫ್ರೀಜರಿನಲ್ಲಿ ನಾಣ್ಯ ಲೋಟದ ತಳದಲ್ಲಿತ್ತು.

ಕಾವಲುಗಾರನನ್ನು ಕೇಳಿದರೆ, ಹೋದ ತಿಂಗಳ ಮೂರು ದಿನದ ರಜೆಯಲ್ಲಿ ಎರಡು ದಿನ ಆ ಫ್ರೀಜರಿನ ಲೈನಿಗೆ ಕರೆಂಟೇ ಇರಲಿಲ್ಲ ಎಂದ. ಅಕ್ಕ ತಾಪಮಾನದ ಪುಸ್ತಕ ತೆರೆದಳು. ಮೂರೂ ದಿನ ಮೈನಸ್ ಎಂಬತ್ತು. ಅಕ್ಕನ ಬದಲಿಗೆ ಬರೆದವನು ನಾನು, ರಜೆಯ ಹಿಂದಿನ ಸಂಜೆಯೇ, ಒಂದೇ ಉಸಿರಿನಲ್ಲಿ. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ನಾನು ಅವಳ ಮುಖ ನೋಡಲಿಲ್ಲ.

ಅಲ್ಲಿದ್ದದ್ದು ಹೊಸ ಔಷಧಿ ಪಡೆದ ನಲವತ್ತು ರೋಗಿಗಳ ರಕ್ತ. ಕರಗಿ ಕೆಟ್ಟ ರಕ್ತದಲ್ಲಿ ವೈರಸ್ಸಿನ ಗುರುತೇ ಅಳಿಸಿಹೋಗಬಹುದು. ರಜೆಯ ನಂತರ ಅದನ್ನೇ ಪರೀಕ್ಷಿಸಿ, ಔಷಧಿ ಗೆದ್ದಿತೆಂದು ನಾವು ಕುಣಿದಿದ್ದೆವು. ಪ್ರಬಂಧ ಆ ಮಂಗಳವಾರವೇ ಸಂಜೆ ಐದಕ್ಕೆ ವೈದ್ಯಕೀಯ ಪತ್ರಿಕೆಗೆ ಹೋಗಬೇಕಿತ್ತು. ಹದಿನೇಳನೇ ಮಾದರಿ ಅಕ್ಕನ ಸ್ವಂತ ತಮ್ಮನದು. ‘ವೈರಸ್ ಇಲ್ಲ’ ಎಂಬ ವರದಿಯನ್ನು ಅವನು ಕಪಾಟಿನ ಬಾಗಿಲಿಗೆ ಅಂಟಿಸಿಕೊಂಡು, ಮಾತ್ರೆ ನಿಲ್ಲಿಸುವ ದಿನ ಎಣಿಸುತ್ತಿದ್ದ.

ಅಕ್ಕ ಲೋಟವನ್ನು ಮುಖ್ಯಸ್ಥರ ಮೇಜಿನ ಮೇಲಿಟ್ಟಳು. ಅವರು ನಕ್ಕು, ಪುಸ್ತಕದಲ್ಲಿ ಎಲ್ಲ ಸರಿಯಾಗಿದೆಯಲ್ಲ ಎಂದರು. ನಾಲ್ಕೂವರೆಯಾಗಿತ್ತು. ಅಕ್ಕ ನನ್ನ ಹೆಸರೆತ್ತಲಿಲ್ಲ, ನನ್ನತ್ತ ತಿರುಗಲೂ ಇಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ.

"ಅದು ನಾನು ಮೊದ್ಲೇ ಬರೆದಿಟ್ಟಿದ್ದು ಸರ್," ಎಂದೆ.

ಅವರು ಲೋಟವನ್ನು ಹತ್ತಿರಕ್ಕೆ ಎಳೆದುಕೊಂಡರು. ನಾಣ್ಯವನ್ನೇ ನೋಡುತ್ತ ಕುಳಿತು, ಐದಕ್ಕೆ ಎರಡು ನಿಮಿಷವಿದ್ದಾಗ ಪ್ರಬಂಧ ಕಳಿಸದೆ ಕಂಪ್ಯೂಟರ್ ಮುಚ್ಚಿದರು.

ಹೊರಗೆ ಬಂದು ಅಕ್ಕ ತಮ್ಮನಿಗೆ ಫೋನ್ ಮಾಡಿದಳು. ಆ ವರದಿ ನಂಬುವ ಹಾಗಿಲ್ಲ, ಮಾತ್ರೆ ನಿಲ್ಲಿಸಬೇಡ, ನಾಳೆ ಬಂದು ಮತ್ತೆ ರಕ್ತ ಕೊಡು ಎಂದಳು. ಆ ಕಡೆಯ ದನಿ ನನಗೂ ಕೇಳಿಸಿತು.

"ನೀನು ಸುಮ್ನಿದ್ದಿದ್ರೆ ಯಾರಿಗೆ ಗೊತ್ತಾಗ್ತಿತ್ತಕ್ಕಾ?"

"ನಿನ್ನ ಲಿವರ್‌ಗೆ ಗೊತ್ತಾಗ್ತಿತ್ತು ಕಣೋ," ಎಂದಳು. ಫೋನ್ ಇಟ್ಟ ಮೇಲೆ ಗೋಡೆಯ ಕಡೆ ತಿರುಗಿ ನಿಂತು ಅತ್ತಳು.