ಹೊನ್ನಮ್ಮ ಜಾಲರಿ ಬಿಟ್ಟು ಎದ್ದ ದಿನ

ಹೊನ್ನಾವರದಿಂದ ಇಡಗುಂಜಿಗೆ ಹೋಗುವ ದಾರಿಯಲ್ಲಿ ಒಂದು ಗುಡ್ಡ ಹತ್ತಿದರೆ ಚಿಂಪಾಂಜಿಗಳ ಆಶ್ರಯಧಾಮ. ಸರ್ಕಸ್ಸಿನಿಂದಲೋ ಕಳ್ಳಸಾಗಣೆಯವರಿಂದಲೋ ಬಿಡಿಸಿ ತಂದ ಐದು ಅಲ್ಲಿದ್ದವು. ಅವುಗಳಿಗೆ ಊಟ ಸಿದ್ಧಮಾಡುವವಳು ಹೊನ್ನಮ್ಮ. ತದಡಿಯಲ್ಲಿ ಹುಟ್ಟಿ, ಹೊನ್ನಾವರಕ್ಕೆ ಮದುವೆಯಾಗಿ ಬಂದು, ಇಪ್ಪತ್ತು ವರ್ಷ ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ತಿರುಗಿದವಳು. ಮಂಡಿನೋವು ಶುರುವಾದ ಮೇಲೆ, ಕುಳಿತು ಮಾಡುವ ಕೆಲಸವೆಂದು ನಂಬಿ ಇಲ್ಲಿಗೆ ಸೇರಿದಳು. ಕುಳಿತುಕೊಳ್ಳಲು ಪುರಸೊತ್ತು ಸಿಕ್ಕಿದ್ದು ಮಾತ್ರ ಕಡಿಮೆ.

ಬೆಳಿಗ್ಗೆ ಅವಳು ಗೆಣಸಿನ ತಪ್ಪಲೆ ಇಳಿಸಿದ ಸದ್ದಿಗೇ ಒಳಗಿನಿಂದ ಕೂಗು ಏಳುತ್ತಿತ್ತು. ದೊಡ್ಡ ಗಂಡು ದಾಸ ಮೈಕೂದಲು ನಿಮಿರಿಸಿ, ಹಳೆಯ ಟೈರೊಂದನ್ನು ದರದರ ಎಳೆಯುತ್ತ ಬಯಲಿಗೊಂದು ಸುತ್ತು ಹಾಕುತ್ತಿದ್ದ. ಉಳಿದವು ಬಗ್ಗಿ, ಏದುಸಿರಿನಲ್ಲಿ ಗುರುಗುಟ್ಟಿ ಅವನಿಗೆ ಮರ್ಯಾದೆ ಒಪ್ಪಿಸಿದ ಮೇಲೆಯೇ ಊಟ. ಮುದಿ ಹೆಣ್ಣು ಗಂಗೆಗೆ ಮಾತ್ರ ಯಾವ ಅವಸರವೂ ಇರಲಿಲ್ಲ. ಯಾರಾದರೂ ಜಗಳವಾಡಿದರೆ ನಡುವೆ ಹೋಗಿ ಕುಳಿತು, ಒಂದರ ಬೆನ್ನಿನ ಕೂದಲು ಬಿಡಿಸಿ ಬಿಡಿಸಿ ಹೆಕ್ಕತೊಡಗುತ್ತಿದ್ದಳು. ಸ್ವಲ್ಪ ಹೊತ್ತಿಗೆ ಇನ್ನೊಂದೂ ಬಂದು ಬೆನ್ನು ಕೊಡುತ್ತಿತ್ತು.

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಪ್ರಿಯಾ ಬಂದಳು. ಯಾರೋ ಶ್ರೀಮಂತರ ಬಂಗಲೆಯಲ್ಲಿ ಫ್ರಾಕು ತೊಟ್ಟು, ಒಂಬತ್ತು ವರ್ಷ ಒಂಟಿಯಾಗಿ ಬೆಳೆದ ಹೆಣ್ಣು ಚಿಂಪಾಂಜಿ. ಅದು ಹಲ್ಲು ಬಿಟ್ಟಾಗಲೆಲ್ಲ ನಗುತ್ತಿದೆ ಎಂದು ಅಲ್ಲಿಯವರು ಫೋಟೋ ತೆಗೆಯುತ್ತಿದ್ದರಂತೆ. ಅದು ನಗುವಲ್ಲ, ಹೆದರಿಕೆ ಎಂದು ಆಶ್ರಯಧಾಮದ ಪಶುವೈದ್ಯೆ ಡಾಕ್ಟರ್ ದಿವ್ಯಶ್ರೀ ಹೇಳಿದ ದಿನ ಹೊನ್ನಮ್ಮನಿಗೆ ಊಟ ಸೇರಲಿಲ್ಲ.

ಪ್ರಿಯಾ ತನ್ನ ತೋಳಿನ ಕೂದಲನ್ನು ತಾನೇ ಕಿತ್ತು ಬೋಳು ಮಾಡಿಕೊಂಡಿದ್ದಳು. ಏನನ್ನೂ ತಿನ್ನುತ್ತಿರಲಿಲ್ಲ. ಮನುಷ್ಯರ ನೆಗಡಿ ಅವುಗಳ ಜೀವಕ್ಕೇ ಬರುತ್ತದೆಂದು ಮುಟ್ಟುವ ಹಾಗಿಲ್ಲ. ಹೊನ್ನಮ್ಮ ಮಾಸ್ಕ್ ಕಟ್ಟಿಕೊಂಡು, ಜಾಲರಿಯಿಂದ ಎರಡು ಮಾರು ದೂರ ಕುಳಿತು ಶೇಂಗಾ ಸುಲಿಯುತ್ತ, ಮೀನಿನ ಗಿರಾಕಿಯೊಡನೆ ಹರಟುವಂತೆ ಹರಟುತ್ತಿದ್ದಳು. ನಾಲ್ಕನೇ ದಿನ ಪ್ರಿಯಾ ಒಂದು ತುಂಡು ಗೆಣಸು ತಿಂದಳು. ತಿಂಗಳು ಕಳೆಯುವಷ್ಟರಲ್ಲಿ ಹೊನ್ನಮ್ಮ ಕಾಣದಿದ್ದರೆ ಕಿರುಚುವಂತಾದಳು.

ಅದೇ ತೊಡಕಾಯಿತು. ಪಕ್ಕದ ಜಾಲರಿಯಾಚೆ ಗಂಗೆ ದಿನವೂ ಅಂಗೈ ಚಾಚಿ ಕೂರುತ್ತಿದ್ದಳು. ಪ್ರಿಯಾ ಅತ್ತ ಬೆನ್ನು ಹಾಕಿ ಹೊನ್ನಮ್ಮನನ್ನೇ ನೋಡುತ್ತಿದ್ದಳು.

"ಹೊನ್ನಕ್ಕ, ಬೇಜಾರು ಮಾಡ್ಕೊಬೇಡಿ," ಎಂದಳು ದಿವ್ಯಶ್ರೀ. "ನೀವು ಎದುರಿಗಿದ್ರೆ ಅವಳು ಯಾರ ಹತ್ರಾನೂ ಹೋಗೂದಿಲ್ಲ. ಸೋಮವಾರ ನಡುವಿನ ಬಾಗಿಲು ತೆಗಿತೇವೆ. ನೀವು ಅಡುಗೆಮನೆ ಬಿಟ್ಟು ಬರಬಾರ್ದು."

"ದಾಸ ಕಚ್ಚಿದ್ರೆ ಎಂತ ಮಾಡೂದ್ರಾ?"

"ಕಚ್ಚಬಹುದು. ಬೀರಪ್ಪಣ್ಣ ನೀರಿನ ಪೈಪು ಹಿಡ್ಕಂಡು ನಿಂತಿರ್ತಾರೆ."

"ಆತು," ಎಂದಳು ಹೊನ್ನಮ್ಮ. ಭಾನುವಾರವಿಡೀ ಮನೆಯಲ್ಲಿ ಗಂಡ ವೆಂಕಟ್ರಮಣ ಕೇಳಿದ್ದೊಂದಾದರೆ ಅವಳು ಉತ್ತರಿಸಿದ್ದು ಇನ್ನೊಂದು.

ಸೋಮವಾರ ಹತ್ತು ಗಂಟೆಗೆ ಕಬ್ಬಿಣದ ಬಾಗಿಲು ಸರಿದ ಸದ್ದು ಕೇಳಿತು. ಹಿಂದೆಯೇ ದಾಸನ ಅಬ್ಬರ, ತಗಡಿಗೆ ಒದ್ದ ಸಪ್ಪಳ, ಪ್ರಿಯಾಳ ಕಿರುಚಾಟ. ಹೊನ್ನಮ್ಮ ಕೈಯಲ್ಲಿದ್ದ ಸೌತೆಕಾಯಿ ಬಿಟ್ಟು ಹೊಸ್ತಿಲ ತನಕ ಓಡಿದಳು. ಅಲ್ಲಿ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದು ನಿಂತಳು. ತನ್ನ ಮುಖ ಕಂಡರೆ ಪ್ರಿಯಾ ಇತ್ತಲೇ ಓಡಿ ಬರುತ್ತಾಳೆ, ಇಷ್ಟು ದಿನ ಮಾಡಿದ್ದೆಲ್ಲ ಹಾಳಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆಮೇಲೆ ಎಲ್ಲ ನಿಂತುಹೋಯಿತು. ಆ ಮೌನ ಕಿರುಚಾಟಕ್ಕಿಂತ ಕಷ್ಟವಾಗಿತ್ತು.

ಕಾಲು ಗಂಟೆಯ ಮೇಲೆ, ಚಿಂಪಾಂಜಿಗಳನ್ನು ನೋಡಿಕೊಳ್ಳುವ ಬೀರಪ್ಪ ಬಂದ. ಪೈಪು ಬಿಡುವ ಪ್ರಸಂಗವೇ ಬರದಿದ್ದರೂ ಅವನ ಅಂಗಿ ಬೆವರಿಗೆ ತೊಯ್ದಿತ್ತು.

"ಬನ್ರಾ ಹೊನ್ನಕ್ಕ, ಟೀವಿಯಲ್ಲಿ ನೋಡಿ. ದಾಸ ಎರಡು ಸುತ್ತು ಅಟ್ಟಿಸ್ಕಂಡು ಹೋದ. ಅವಳು ಮುದುಡಿ ಕೂತು ಕೈ ಚಾಚಿದಳು. ಕಚ್ಚೇ ಬಿಟ್ಟ ಅಂದ್ಕಂಡೆ, ಅವ ಕೈಗೆ ತುಟಿ ಒತ್ತಿ ಹೊರಟೇಹೋದ!"

ಆಫೀಸಿನ ಕ್ಯಾಮೆರಾ ಪರದೆಯಲ್ಲಿ ಗಂಗೆ ಪ್ರಿಯಾಳ ಬೋಳು ತೋಳನ್ನು ಮಡಿಲಲ್ಲಿಟ್ಟುಕೊಂಡು, ಇಲ್ಲದ ಕೂದಲನ್ನೇ ಮೆತ್ತಗೆ ಬಿಡಿಸುತ್ತಿದ್ದಳು. ಪ್ರಿಯಾಳ ಕಣ್ಣು ಮುಚ್ಚಿತ್ತು, ಕೆಳದುಟಿ ಸಡಿಲವಾಗಿ ಜೋತುಬಿದ್ದಿತ್ತು. ಹೊನ್ನಮ್ಮ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. ದಿವ್ಯಶ್ರೀ ನೀರು ತಂದುಕೊಟ್ಟಳು.

ಆ ಸಂಜೆ ಪ್ರಿಯಾ ಅಡುಗೆಮನೆಯ ಕಡೆಗಿನ ಜಾಲರಿಗೆ ಬರಲಿಲ್ಲ. ಗಂಗೆಯ ಪಕ್ಕ ಒಣಹುಲ್ಲು ಎಳೆದುಕೊಂಡು ಅವಳಂತೆ ಮಲಗುವ ಗೂಡು ಕಟ್ಟಲು ನೋಡಿದಳು, ಕಟ್ಟಲು ಬರಲಿಲ್ಲ, ಗಂಗೆಯ ಗೂಡಿನಲ್ಲೇ ಹೋಗಿ ಮಲಗಿದಳು. ಹೊನ್ನಮ್ಮನಿಗೆ ಎಲ್ಲೋ ಸ್ವಲ್ಪ ಚುರುಕ್ ಎಂದಿತು. ಬಸ್ಸು ಹತ್ತಿ ಕುಳಿತಾಗ ಅದೂ ಹೋಗಿತ್ತು. ಕಂಡಕ್ಟರು ಎಬ್ಬಿಸುವ ತನಕ ನಿದ್ದೆ ಹೊಡೆದಳು.

ಮೂರು ವಾರದ ಮೇಲೆ ಪ್ರಿಯಾ ದಾಸನ ಪಾಲಿನ ಬಾಳೆಹಣ್ಣಿಗೇ ಕೈ ಹಾಕಿ ಒಂದು ಏಟು ತಿಂದಳು. ಊರೆಲ್ಲ ಕೇಳುವಂತೆ ಅರಚಿ, ಹೊನ್ನಮ್ಮ ನಿಂತಿದ್ದ ಕಡೆ ತಿರುಗಿಯೂ ನೋಡದೆ, ಗಂಗೆಯ ಬೆನ್ನ ಹಿಂದೆ ಓಡಿ ಕುಳಿತಳು.

"ಡಾಕ್ಟ್ರೇ, ಇವಳಿಗೆ ಜಗಳ ಮಾಡೂಕೂ ಬಂತು!" ಎಂದು ಹೊನ್ನಮ್ಮ ಕೂಗಿ ಹೇಳಿದಳು. ಅವಳಿಗೆ ನಗು ತಡೆಯಲಾಗಲಿಲ್ಲ.