ಎದುರು ನಿಂತು ಕಲಿಸಿದವರು

…ಅಥವಾ ಆ ಪಟ್ಟಿ ಕಪ್ಪು ಬಣ್ಣದ್ದೇ ಅಲ್ಲವೇನೋ. ಹಸಿರು ಇದ್ದಿರಬಹುದು, ಮಿಲಿಟರಿಯವರ ಚೀಲದ ಹಸಿರು. ನೀರಿನಿಂದ ಎದ್ದ ಮೇಲೆ ಎಲ್ಲ ನೈಲಾನ್ ಪಟ್ಟಿಗಳೂ ಕಪ್ಪಾಗಿಯೇ ಕಾಣುತ್ತವೆ. ಇಷ್ಟು ವರ್ಷ ಕಪ್ಪೆಂದೇ ನಂಬಿಕೊಂಡಿದ್ದೆ. ಬಣ್ಣದ ವಿಷಯದಲ್ಲೇ ಹೀಗಾದರೆ ಉಳಿದದ್ದನ್ನು ಯಾವ ಧೈರ್ಯದಲ್ಲಿ ಬರೆಯಲಿ?

ಇದೆಲ್ಲ ಎದ್ದು ಬಂದದ್ದು ಮೊನ್ನೆ, ಪಂಪ್‌ವೆಲ್‌ನ ಬಸ್ ಸ್ಟಾಪಿನಲ್ಲಿ. ನನ್ನ ಪಕ್ಕದಲ್ಲಿ ಒಬ್ಬಳು ಎಳೆಯ ತಾಯಿ ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಚೀಲದೊಡನೆ ಒದ್ದಾಡುತ್ತಿದ್ದಳು. ಹೆಗಲಿಗೆರಡು ಪಟ್ಟಿ, ಸೊಂಟಕ್ಕೊಂದು. ಮಳೆಗೆ ನೆನೆದ ನೈಲಾನಿನ ವಾಸನೆ ಮೂಗಿಗೆ ಬಡಿಯಿತು. "ಹಿಂದೆ ಬಕಲ್ ಹಾಕಿ ಮಾರಾಯ್ರೆ, ನನ್ನ ಕೈ ಎಟಕುವುದಿಲ್ಲ" ಎಂದಳು ಗಂಡನಿಗೆ. ಅವನು ಅವಳ ಹಿಂದೆ ನಿಂತು, ಎರಡೂ ಕೈಯಿಂದ ಸೊಂಟ ಬಳಸಿ, ಟಕ್ ಎನಿಸಿದ. ಸುತ್ತ ಜನವೋ ಜನ. ಯಾರೂ ನೋಡಲಿಲ್ಲ. ನಾನು ಮಾತ್ರ ಮುಖ ತಿರುಗಿಸಿದೆ. ಅರುವತ್ತು ದಾಟಿದ ಹೆಂಗಸು ಒಂದು ಬಕಲಿನ ಸದ್ದಿಗೆ ಮುಖ ತಿರುಗಿಸುವುದೆಂದರೆ…

ನನಗೆ ನೀರಿನಡಿ ಮುಳುಗಲು ಕಲಿಸಿದವರನ್ನು ನಾವು ಮಾಷ್ಟ್ರು ಎನ್ನುತ್ತಿದ್ದೆವು. ಶಾಲೆಯ ಮಾಷ್ಟ್ರಲ್ಲ. ಜಮೀನಿದ್ದ ಮನೆತನದವರು. ಭೂಮಿ ಗೇಣಿದಾರರ ಪಾಲಾದ ಮೇಲೆ ಬಂದರಿನಲ್ಲಿ ಹೋಟೆಲು ಇಟ್ಟಿದ್ದರು. ಅದಕ್ಕೂ ಮೊದಲು ನೌಕಾಪಡೆಯಲ್ಲಿ ಮುಳುಗುವ ಕೆಲಸ ಮಾಡಿದವರಂತೆ. ನದಿಯಲ್ಲಿ ದೋಣಿ ಮುಳುಗಿದರೆ, ಲಂಗರು ಕಳೆದರೆ ಗಲ್ಲಾಪೆಟ್ಟಿಗೆಗೆ ಬೀಗ ಹಾಕಿ ಹೊರಡುತ್ತಿದ್ದರು. ಎತ್ತರದ ಆಳು, ಗಟ್ಟಿ ದನಿ, ಮುಂಗೋಪ. ವರ್ಷಕ್ಕೊಮ್ಮೆ ಆ ಹೋಟೆಲಿನಲ್ಲಿ ಗಣಹೋಮ ಮಾಡಿಸುತ್ತಿದ್ದದ್ದು ನನ್ನ ಅಪ್ಪ. ಮಡಿಯಲ್ಲಿದ್ದ ಅಪ್ಪನಿಗೆ ಅವರು ದಕ್ಷಿಣೆಯನ್ನು ವೀಳ್ಯದೆಲೆಯ ಮೇಲಿಟ್ಟು, ನೆಲದ ಮೇಲೆ ಮುಂದಕ್ಕೆ ಸರಿಸಿ, ಹಿಂದೆ ಸರಿದು ಕೈಮುಗಿಯುತ್ತಿದ್ದರು. ಈ ಸರಿಯುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಚಂದವೆಂದೇ ಅಂದುಕೊಂಡಿದ್ದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಪ್ರಾಣಿಶಾಸ್ತ್ರದ ವಿದ್ಯಾರ್ಥಿನಿ. ಬಂಡೆಗಳಿಗೆ ಅಂಟಿ ಬೆಳೆಯುವ ಪಚ್ಚಿಲೆ ಎಂಬ ಚಿಪ್ಪುಜೀವಿಯನ್ನು ನೀರಿನಡಿಯಲ್ಲೇ ನೋಡಿ ಬರುವ ಒಂದು ಸರ್ವೆ ಇತ್ತು. ಸಿಲಿಂಡರ್ ಕಟ್ಟಿ ಮುಳುಗಲು ಕಲಿತವರಿಗೆ ದೋಣಿಯಲ್ಲಿ ಜಾಗ. ಇಬ್ಬರು ಹುಡುಗರು ಹೆಸರು ಕೊಟ್ಟರು, ಮೂರನೆಯದು ನಾನು. ಕಲಿಸುವವರು ಮಾಷ್ಟ್ರು ಎಂದು ತಿಳಿದ ಮೇಲೆ ಅಪ್ಪ ಒಪ್ಪಿದರು. "ಅವರಾದರೆ ಅಡ್ಡಿಯಿಲ್ಲ, ಮರ್ಯಾದಸ್ಥರು" ಎಂದರು. ಆ ದೋಣಿ ನನಗೆ ಎಷ್ಟು ಬೇಕಾಗಿತ್ತೆಂದರೆ, ಆ ತಿಂಗಳು ಮನೆಗೆ ಬಂದ ಎರಡು ಜಾತಕಗಳನ್ನು ತೆರೆಯಲೂ ಬಿಟ್ಟಿರಲಿಲ್ಲ.

ಕಲಿತದ್ದು ಹೆಂಚಿನ ಕಾರ್ಖಾನೆಯ ಹಿಂದಿನ ಹೊಂಡದಲ್ಲಿ, ಮಣ್ಣು ತೆಗೆದು ತೆಗೆದು ಕೆರೆಯಂತಾದ ಕೆಂಪು ನೀರಿನಲ್ಲಿ. ಕೈ ಚಾಚಿದರೆ ನಮ್ಮ ಬೆರಳು ನಮಗೇ ಕಾಣದು. ಬೆನ್ನಿಗೊಂದು ಬಗ್ಗಿಸಿದ ಲೋಹದ ಹಲಗೆ, ಬ್ಯಾಕ್‌ಪ್ಲೇಟ್. ಅದಕ್ಕೆ ಸಿಲಿಂಡರ್ ಬಿಗಿದಿರುತ್ತದೆ. ಹಲಗೆಯಿಂದ ಹೊರಟ ಪಟ್ಟಿ ಎರಡೂ ಹೆಗಲ ಮೇಲಿಂದ ಇಳಿದು ಸೊಂಟದ ಮುಂದೆ ಬಕಲಿಗೆ ಬರುತ್ತದೆ. ಇನ್ನೊಂದು ಪಟ್ಟಿ ಹಿಂದಿನಿಂದ ಕಾಲುಗಳ ನಡುವೆ ಹಾದು ಬಂದು ಸೊಂಟದ ಪಟ್ಟಿಗೆ ಸೇರಬೇಕು. ಅದಿಲ್ಲದಿದ್ದರೆ ತಲೆ ಕೆಳಗಾದೊಡನೆ ಹಲಗೆ ಜಾರಿ ಕುತ್ತಿಗೆಗೆ ಬರುತ್ತದೆ.

ಹುಡುಗರಿಗೆ ಕಟ್ಟುವಾಗ ಮಾಷ್ಟ್ರು ಬೆನ್ನಿಗೊಂದು ಗುದ್ದಿ, ಮೊಣಕಾಲು ಕೊಟ್ಟು ಪಟ್ಟಿ ಎಳೆಯುತ್ತಿದ್ದರು. "ಉಸಿರು ಬಿಡು ಮಾರಾಯ, ಹೊಟ್ಟೆ ಒಳಗೆ ತೆಕ್ಕೋ, ನನ್ನ ಹೋಟೆಲಿನ ಬನ್ಸೆಲ್ಲ ಇಲ್ಲೇ ಉಂಟು!" ನನ್ನ ಸರದಿ ಬಂದಾಗ ನಾಲ್ಕು ಮಾರು ಹಿಂದೆ ಸರಿದು, ತಾವೇ ಇನ್ನೊಂದು ಸೆಟ್ಟನ್ನು ಕಟ್ಟಿಕೊಂಡು, ನನ್ನ ಎದುರು ನಿಂತರು. "ನಾನು ಮಾಡಿದ ಹಾಗೆ ಮಾಡು. ಹೆಗಲ ಪಟ್ಟಿಯ ಅಡಿಗೆ ಹೆಬ್ಬೆರಳು ಹೋಗ್ತದಾ? ಹೋದ್ರೆ ಸರಿ." ನಾನು ಹಾಗೆಯೇ ಮಾಡಿದೆ. ಅವರ ಕೈ ಯಾವ ಕಡೆಗೆ ಹೋಯಿತೋ ನನ್ನ ಕೈಯೂ ಆ ಕಡೆಗೇ ಹೋಯಿತು.

ನಾನು ಹೆಣ್ಣೆಂದು ಮುಟ್ಟಲಿಲ್ಲವೋ, ಭಟ್ಟರ ಮಗಳೆಂದು ಮುಟ್ಟಲಿಲ್ಲವೋ, ನನಗೆ ತಿಳಿಯದು. ಕಟ್ಟಿಕೊಂಡದ್ದು ಸರಿಯಿದೆಯೇ ಎಂದು ಒಮ್ಮೆ ಕಣ್ಣು ಹಾಯಿಸುತ್ತಿದ್ದರು, ಅಷ್ಟೆ. ಹುಡುಗಿಯೊಬ್ಬಳ ಸೊಂಟವನ್ನು ಹೆಚ್ಚು ಹೊತ್ತು ನೋಡುವವರಲ್ಲ ಅವರು.

ಮಧ್ಯಾಹ್ನ ಕಾರ್ಖಾನೆಯ ಹೆಂಗಸರು ಬುತ್ತಿ ಹಿಡಿದು ಹೊಂಡದ ದಂಡೆಯಲ್ಲಿ ಬಂದು ಕೂರುತ್ತಿದ್ದರು. "ಎಂತ ಮಾರಾಯ್ತಿ, ಬೆನ್ನಿಗೆ ಗ್ಯಾಸಂಡೆ ಕಟ್ಟಿಕೊಂಡು ಎಲ್ಲಿಗೆ ಅಡುಗೆಗಾ?" ಎಂದು ಒಬ್ಬಳು. ನಾನೂ ನಕ್ಕಿದ್ದೆ. ಮರುದಿನವೋ ಅದರ ಮರುದಿನವೋ, ನಾನು ಆ ಕಾಲ ನಡುವಿನ ಪಟ್ಟಿಯನ್ನು ಮುಂದಕ್ಕೆ ಎಳೆಯುವಾಗ ಅವಳೇ ಕೂಗಿದಳು, "ಅಯ್ಯೋ, ನೋಡಿ ನೋಡಿ, ಭಟ್ರ ಮಗಳಿಗೆ ಕೋಮಣ ಕಟ್ಟಿಸ್ತಾರೆ!" ದಂಡೆಯೆಲ್ಲ ನಗು. ಹುಡುಗರೂ ನಕ್ಕರು. ಮಾಷ್ಟ್ರು ಆಕಾಶ ನೋಡಿದರು. ಒದ್ದೆ ಚೂಡಿದಾರ ಮೈಗೆ ಅಂಟಿತ್ತು. ನಾನು ಎಲ್ಲಿ ಅಡಗಲಿ? ಅಂದಿನಿಂದ ಆ ಪಟ್ಟಿಯನ್ನು ಮಡಚಿ ಹಿಂದೆ ಸೊಂಟದ ಪಟ್ಟಿಯೊಳಗೆ ಸಿಕ್ಕಿಸಿಡಲು ಶುರುಮಾಡಿದೆ. ಅಂಗಿ ಉದ್ದವಿತ್ತು, ಯಾರಿಗೂ ಕಾಣುತ್ತಿರಲಿಲ್ಲ.

ಆದದ್ದು ಇಷ್ಟು. ಅಥವಾ ಇಷ್ಟೆಂದು ಆಮೇಲೆ ಜೋಡಿಸಿಕೊಂಡೆ. ಹೊಂಡದ ತಳದಿಂದ ಒಂದು ಹೆಂಚನ್ನು ಹೆಕ್ಕಿ ತರಬೇಕಿತ್ತು. ತಲೆ ಕೆಳಗೆ ಮಾಡಿದೆ. ಹಲಗೆ ಜಾರಿ ಬಂದು ತಲೆಯ ಹಿಂಭಾಗಕ್ಕೆ ಬಡಿಯಿತು. ಮುಖವಾಡ ಸರಿದು ಮೂಗಿಗೆ ನೀರು. ಏಳಲು ಹೋದಾಗ ಕಾಲೆರಡೂ ಜೇಡಿಮಣ್ಣಿನಲ್ಲಿ ಹೂತವು. ಸಿಲಿಂಡರಿನ ಭಾರ ಇನ್ನೂ ಒತ್ತಿತು. ಆಮೇಲೆ ನೆನಪಿರುವುದು ಮಾಷ್ಟ್ರ ಕೈಗಳು ಮಾತ್ರ. ಅವು ನನ್ನ ಸೊಂಟದ ಬಲಗಡೆಗೆ, ಎಳೆದರೆ ಬಕಲು ಬಿಚ್ಚಬೇಕಾದ ಕಡೆಗೆ ಬಂದವು, ಎಳೆದವು. ಪಟ್ಟಿ ಬಿಚ್ಚಲಿಲ್ಲ, ಇನ್ನೂ ಬಿಗಿಯಿತು. ಮತ್ತೆ ಎಳೆದವು. ಹೊಟ್ಟೆಯ ಮೇಲೆ ತಡಕಿದವು. ಎಡಗಡೆಗೆ ಹೋದವು… ಕೆಂಪು ಕತ್ತಲೆಯಲ್ಲಿ ಆ ಕೈಗಳು ಹೆದರಿದ್ದವು. ಇದೊಂದು ನಿಜವೆಂದು ಆಣೆ ಮಾಡಿ ಹೇಳಬಲ್ಲೆ.

ದಂಡೆಯಲ್ಲಿ ಕೆಂಪು ನೀರು ಕಾರಿದೆ. ಕೋಮಣದ ಮಾತಾಡಿದವಳೇ ಓಡಿ ಬಂದು ತಲೆಗೆ ಸುತ್ತಿದ್ದ ಬೈರಾಸು ಬಿಚ್ಚಿ ಹೊದಿಸಿದಳು. ನನ್ನನ್ನು ಎತ್ತಿ ತರುವಾಗ ಮಾಷ್ಟ್ರ ಕೈ ಇನ್ನೂ ನನ್ನ ಸೊಂಟದ ಪಟ್ಟಿಯನ್ನು ಹಿಡಿದೇ ಇತ್ತು. ಅದನ್ನು ಎಲ್ಲರೂ ನೋಡಿದರು.

ಮರುದಿನ ದೇವಸ್ಥಾನದ ಜಗಲಿಗೆ ಸುದ್ದಿ ಬಂತು, ಮಾಷ್ಟ್ರು ಭಟ್ರ ಮಗಳಿಗೆ ನೀರಿನಡಿಯಲ್ಲಿ ಕೈ ಹಾಕಿದರಂತೆ ಎಂದು. ಅದರ ಮರುದಿನ ವಿಭಾಗದ ಮುಖ್ಯಸ್ಥರ ಕೋಣೆಯಲ್ಲಿ ನಾವು ನಾಲ್ವರು. ಮುಖ್ಯಸ್ಥರು, ಅಪ್ಪ, ಮಾಷ್ಟ್ರು, ಮತ್ತು ಬಾಗಿಲ ಬಳಿ ನಾನು. ಕುರ್ಚಿ ಮೂರೇ ಇದ್ದವು.

ಅಪ್ಪ ಮೊದಲು ಮಾತಾಡಿದರು. "ನನ್ನ ಮಗಳನ್ನು ಯಾರೂ ಮುಟ್ಟಲಿಲ್ಲ. ಜನ ಎಂತದೋ ಹೇಳ್ತಾರೆ. ಇಲ್ಲಿಗೆ ಬಿಟ್ಟುಬಿಡಿ." ಅಪ್ಪ ಹಾಗೆ ಹೇಳಿದ್ದು ಮಾಷ್ಟ್ರನ್ನು ಉಳಿಸಲಿಕ್ಕೂ ಹೌದು ಎಂದು ಈಗ ಅನಿಸುತ್ತದೆ. ಮಾಷ್ಟ್ರು ಒಮ್ಮೆ ಹೌದೆಂದು ತಲೆ ಆಡಿಸಿದ್ದರೆ ಮುಗಿಯುತ್ತಿತ್ತು.

"ಮುಟ್ಟಿದ್ದೇನೆ ಭಟ್ರೇ" ಎಂದರು ಮಾಷ್ಟ್ರು. "ಮುಟ್ಟದೆ ಬಿಡಿಸ್ಲಿಕ್ಕೆ ಆಗ್ತದಾ? ಎಂತ ಮಾತು ಇದು?"

"ಎಲ್ಲಿ?" ಎಂದು ಮುಖ್ಯಸ್ಥರು ಕೇಳಿದರು.

ಮಾಷ್ಟ್ರು ಎದ್ದು ನಿಂತು ತಮ್ಮ ಸೊಂಟವನ್ನೇ ಮುಟ್ಟಿ ತೋರಿಸಿದರು. "ಇಲ್ಲಿ. ಮತ್ತೆ ಇಲ್ಲಿ."

"ಎರಡು ಕಡೆ ಯಾಕೆ?"

ಮಾಷ್ಟ್ರು ನನ್ನ ಕಡೆ ತಿರುಗಿದರು. ಬಕಲು ಇರಬೇಕಾದಂತೆ ಯಾಕೆ ಇರಲಿಲ್ಲವೆಂದು ಅವರಿಗೂ ಗೊತ್ತಿರಲಿಲ್ಲ. ಕಟ್ಟಿಕೊಂಡದ್ದು ನಾನು. ಒಂದು ಪಟ್ಟಿಯನ್ನು ಮಡಚಿ ಅಡಗಿಸಿದ್ದೂ ನಾನು. ಫ್ಯಾನು ತಿರುಗುತ್ತಿತ್ತು… ಅಥವಾ ಕರೆಂಟು ಹೋಗಿತ್ತು.

ತರಗತಿ ಅಲ್ಲಿಗೆ ನಿಂತಿತು. ಹುಡುಗರಿಬ್ಬರು ಬೇರೆ ಊರಿಗೆ ಹೋಗಿ ಕಲಿತು ಬಂದು ದೋಣಿ ಹತ್ತಿದರು. ನನ್ನ ಜಾತಕ ತೆರೆದರು. ಮಾಷ್ಟ್ರನ್ನು ಆಮೇಲೆ ಯಾವ ಕಾಲೇಜಿನವರೂ ಕರೆಯಲಿಲ್ಲವಂತೆ. ಅವರ ಹೋಟೆಲಿನ ಗಣಹೋಮಕ್ಕೆ ಅಪ್ಪನನ್ನೂ ಕರೆಯಲಿಲ್ಲ.

ಮದುವೆಯಾಗಿ ಕೆಲವು ವರ್ಷಗಳಾದ ಮೇಲೆ, ಹೊಳೆಯಾಚೆಯ ಬೆಂಗ್ರೆಗೆ ಹೋಗುವ ದೋಣಿಗೆ ಕಾಯುತ್ತ, ಗುರುತು ಸಿಗಲಿಕ್ಕಿಲ್ಲವೆಂಬ ಧೈರ್ಯದಲ್ಲಿ ಆ ಹೋಟೆಲಿಗೆ ಹೋದೆ. ಗಲ್ಲಾದಲ್ಲಿ ಅವರೇ ಇದ್ದರು. ತಲೆ ಎತ್ತಿ ನೋಡಿ, ನಿನ್ನೆ ಬಿಟ್ಟ ಮಾತನ್ನು ಮುಂದುವರಿಸುವವರಂತೆ ಹೇಳಿದರು. "ನಾನು ಎದುರು ನಿಲ್ಲಬಾರದಿತ್ತು ಮಗಾ. ಬೆನ್ನು ಹಾಕಿ ನಿಲ್ಲಬೇಕಿತ್ತು. ಕನ್ನಡಿಯಲ್ಲಿ ಕಂಡ ಹಾಗೆ ಕಲಿತೆ ನೀನು, ನನ್ನ ಬಲ ನಿನಗೆ ಎಡ ಆಯ್ತು. ಭಾರಿ ಸಮಯ ಹಿಡೀತು ನನಗೆ ಗೊತ್ತಾಗ್ಲಿಕ್ಕೆ." ಆಮೇಲೆ ಒಳಗೆ ಕೂಗಿದರು, "ಒಂದು ಚಾ, ಸಕ್ಕರೆ ಕಡಿಮೆ!"

ಅಷ್ಟು ವರ್ಷ ಅವರು ಬಕಲಿನ ಬಗ್ಗೆ ಯೋಚಿಸಿದ್ದರು. ಹಲಗೆ ಯಾಕೆ ಜಾರಿತೆಂದು ಕೇಳಲೇ ಇಲ್ಲ. ಆ ಇನ್ನೊಂದು ಪಟ್ಟಿಯ ಹೆಸರನ್ನು ನನ್ನೆದುರು ಎತ್ತಲು ಅವರಿಗೆ ನಾಚಿಕೆಯಾಗಿರಬೇಕು. ನನಗೂ ಆಯಿತು. ಚಾ ಕುಡಿದೆ. ದುಡ್ಡು ತೆಗೆದುಕೊಳ್ಳಲಿಲ್ಲ ಅವರು. ಮುಂದಿನ ಸಲ ಹೇಳೋಣವೆಂದು ದೋಣಿ ಹತ್ತಿದೆ. ಮುಂದಿನ ಸಲ ಹೋಗುವಾಗ ಅಲ್ಲಿ ಬಲೆ, ಹಗ್ಗ ಮಾರುವ ಅಂಗಡಿ ಇತ್ತು. ಹೋಟೆಲಿನವರು ತೀರಿಕೊಂಡು ವರ್ಷ ಕಳೆಯಿತೆಂದು ಅಂಗಡಿಯವನು ಹೇಳಿದ.

ಪಂಪ್‌ವೆಲ್‌ನಲ್ಲಿ ಆ ತಾಯಿ ಮಗುವಿನೊಡನೆ ಬಸ್ಸು ಹತ್ತಿ ಹೋದಳು. ಒದ್ದೆ ನೈಲಾನಿನ ವಾಸನೆ ಇನ್ನಷ್ಟು ಹೊತ್ತು ಉಳಿಯಿತು. ನಾನು ನನ್ನ ಬಸ್ಸನ್ನು ಬಿಟ್ಟುಬಿಟ್ಟು ಅಲ್ಲೇ ನಿಂತು ಆ ಕೋಣೆಯನ್ನು ಮತ್ತೆ ನೋಡಲು ಯತ್ನಿಸಿದೆ. ಎರಡು ಕಡೆ ಯಾಕೆ ಎಂದು ಕೇಳಿದಾಗ ಮಾಷ್ಟ್ರು ನನ್ನ ಕಡೆ ತಿರುಗಿದ್ದರು. ಒಂದು ನೆನಪಿನಲ್ಲಿ ನಾನು ಹೇಳುತ್ತೇನೆ, "ಸರ್, ನಾನು ಕಟ್ಟಿಕೊಂಡದ್ದೇ ಸರಿಯಿರಲಿಲ್ಲ" ಎಂದು, ಆದರೆ ದನಿ ಹೊರಡುವುದಿಲ್ಲ. ಇನ್ನೊಂದರಲ್ಲಿ ದನಿ ಹೊರಡುತ್ತದೆ, ಅಪ್ಪ ಕೈ ಎತ್ತಿ ತಡೆಯುತ್ತಾರೆ. ಮತ್ತೊಂದರಲ್ಲಿ ನಾನು ನೆಲ ನೋಡುತ್ತಿದ್ದೇನೆ, ಕಾಲುಗುರಿನ ಸಂದಿಯಲ್ಲಿ ಕೆಂಪು ಜೇಡಿ ಉಳಿದಿದೆ. ಆ ಜೇಡಿ ಮಾತ್ರ ಸ್ಪಷ್ಟವಾಗಿ ಕಾಣುತ್ತದೆ. ಅಂದು ಆ ಕೋಣೆಯಲ್ಲಿದ್ದ ನಾಲ್ವರಲ್ಲಿ ಈಗ ಉಳಿದವಳು ನಾನೊಬ್ಬಳೇ. ನಾನು ಬಾಯಿ ತೆರೆದೆನೋ ಇಲ್ಲವೋ, ನನಗೆ ಗೊತ್ತಿಲ್ಲ.